ಒಂದೇ ಹಗಲಿನಲ್ಲಿ ಒಂದು ಸಂಸ್ಥಾನ!

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ,

ಇತ್ತೀಚಿನ ವರ್ಷಗಳಲ್ಲಿ ನಮ್ಮ ಆಡುಮಾತಿನಲ್ಲಿ ಒಂದು ಕ್ರಿಯಾಪದವು ತನ್ನ ಜಾಗವನ್ನು ಬಿಟ್ಟು ಎಲ್ಲೆಲ್ಲಿಗೋ ಹೋಗಿ ಕುಳಿತಿದೆ. ಅದು ‘ಮುಗಿಸು’ ಎಂಬ ಕ್ರಿಯಾಪದ. ಊಟ ಮುಗಿಸುವುದು, ಕೆಲಸ ಮುಗಿಸುವುದು, ಮದುವೆ ಮುಗಿಸುವುದು ಇವೆಲ್ಲ ಸರಿಯಾದ ಪ್ರಯೋಗಗಳೇ. ಆದರೆ ಈಗ ನಾವು ಊರುಗಳನ್ನು ಕೂಡ ಮುಗಿಸುತ್ತಿದ್ದೇವೆ! "ಬೇಲೂರು, ಹಳೇಬೀಡು ಬೆಳಿಗ್ಗೆಯೇ ಮುಗಿಸಿಬಿಟ್ಟೆವು", "ಹಂಪಿ ಒಂದೂವರೆ ದಿನದಲ್ಲಿ ಮುಗಿಯಿತು" ಎಂದು ಹೆಮ್ಮೆಯಿಂದ ಹೇಳುವವರನ್ನು ದಿನವೂ ನೋಡುತ್ತೇನೆ. ಮೂವತ್ತು ವರ್ಷಗಳಿಗೂ ಮೀರಿ ಶಾಲೆಯಲ್ಲಿದ್ದ ನನಗೆ ಈ ಪದ ಚೆನ್ನಾಗಿ ಪರಿಚಿತ. "ಪೋರ್ಷನ್ ಮುಗಿಯಿತೇ?" ಎಂಬುದು ನಮ್ಮ ವೃತ್ತಿಯ ಹಳೆಯ ರೋಗ. ಪಾಠ ಮಕ್ಕಳಿಗೆ ತಲುಪಿತೇ ಎಂದು ಯಾರೂ ಕೇಳುತ್ತಿರಲಿಲ್ಲ; ಮುಗಿಯಿತೇ ಎಂದಷ್ಟೇ ಕೇಳುತ್ತಿದ್ದರು. ಶಾಲೆಯ ಆ ರೋಗವು ಈಗ ಪ್ರವಾಸಕ್ಕೂ ಅಂಟಿಕೊಂಡಿದೆ.

ಈ ಪೀಠಿಕೆಗೆ ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳ ಒಂದು ತಂಡವು ಪ್ರೀತಿಯಿಂದ ನನ್ನನ್ನು ಪ್ರವಾಸಕ್ಕೆ ಆಹ್ವಾನಿಸಿದೆ. ಖರ್ಚೆಲ್ಲ ಅವರದೇ. ಜೊತೆಗೆ ಬಣ್ಣದ ಕರಪತ್ರವೊಂದನ್ನೂ ಮೊಬೈಲಿಗೆ ಕಳುಹಿಸಿದ್ದಾರೆ. "ಮಲೆನಾಡಿನ ಐತಿಹಾಸಿಕ ಗ್ರಾಮಗಳು ಮತ್ತು ಪ್ರಾಚೀನ ಬಂದರುಗಳು: ಗೈಡ್ ಸಹಿತ ಒಂದು ದಿನದ ಪ್ರವಾಸ" ಎಂದು ಅದರ ಶಿರೋನಾಮೆ. ಪ್ರವಾಸವನ್ನು ನಡೆಸುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಇಂಥ ಸಂಸ್ಥೆಗಳು ಈಗ ಹಲವಾರಿವೆ, ಕರಪತ್ರಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಬಸವೇಶ್ವರನಗರದ ನಮ್ಮ ಹಿರಿಯ ನಾಗರಿಕರ ಬಳಗದೊಂದಿಗೆ ಎರಡು ವರ್ಷಗಳ ಹಿಂದೆ ಇಂಥದೇ ಒಂದು ಪ್ರವಾಸದಲ್ಲಿ ಹೋಗಿ ಬಂದವನು ನಾನು. ಆದ್ದರಿಂದ ಕಾಣದೆ ಆಡುವ ಮಾತು ಇದಲ್ಲ. ಈ ಆಹ್ವಾನವನ್ನು ನಾನು ಒಪ್ಪುತ್ತಿಲ್ಲ. ಏಕೆ ಒಪ್ಪುತ್ತಿಲ್ಲ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ; ನೀವೂ ಒಪ್ಪಬಾರದೆಂಬುದು ನನ್ನ ವಾದ.

ಮೊದಲು ಕರಪತ್ರದ ವೇಳಾಪಟ್ಟಿಯನ್ನೇ ನೋಡೋಣ. ಶುಕ್ರವಾರ ರಾತ್ರಿ 9 ಗಂಟೆಗೆ ವಿಜಯನಗರದ ಮಾರುತಿ ಮಂದಿರದ ಬಳಿಯಿಂದ ಬಸ್ಸು ಹೊರಡುತ್ತದೆ. ಬಸವೇಶ್ವರನಗರ, ನವರಂಗ್ ವೃತ್ತಗಳಲ್ಲಿ ಉಳಿದವರನ್ನು ಹತ್ತಿಸಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ಸಾಗರದಲ್ಲಿ ಸ್ನಾನ, ತಿಂಡಿ. ಆಮೇಲೆ ಕೆಳದಿಗೆ 40 ನಿಮಿಷ, ಇಕ್ಕೇರಿಗೆ 30 ನಿಮಿಷ, ನಗರದ ಕೋಟೆಗೆ 45 ನಿಮಿಷ. ಅಲ್ಲಿಂದ ಹುಲಿಕಲ್ ಘಾಟಿ. ಅದರ ಎದುರಿಗೆ ‘ವಾಹನದಲ್ಲೇ ವಿಶ್ರಾಂತಿ’ ಎಂದು ಬರೆದಿದೆ. ಘಟ್ಟದ ಕೆಳಗೆ ಬಸರೂರಿಗೆ 30 ನಿಮಿಷ, ಬಾರಕೂರಿಗೆ 30 ನಿಮಿಷ. ಸಂಜೆ ಕಡಲತೀರ, ಬಳಿಕ ಊಟ, ಭಾನುವಾರ ಬೆಳಿಗ್ಗೆ 7 ಗಂಟೆಗೆ ಮರಳಿ ವಿಜಯನಗರ.

ನನ್ನ ಗಣಿತದ ಸಹೋದ್ಯೋಗಿಗಳು ನಗದಿರಲಿ, ನಾನೇ ಕೂಡಿಸಿ ನೋಡಿದೆ. ಒಟ್ಟು ಪ್ರವಾಸ 34 ಗಂಟೆ. ಅದರಲ್ಲಿ ಐದು ಐತಿಹಾಸಿಕ ಸ್ಥಳಗಳಿಗೆ ದೊರೆಯುವುದು 175 ನಿಮಿಷ, ಎಂದರೆ ಮೂರು ಗಂಟೆಗೆ ಐದು ನಿಮಿಷ ಕಡಿಮೆ. ಬಸ್ಸಿನಿಂದ ಇಳಿಯುವುದು, ಚಪ್ಪಲಿ ಬಿಡುವುದು, ಶೌಚಾಲಯ ಹುಡುಕುವುದು, ಗುಂಪಿನ ಭಾವಚಿತ್ರ ತೆಗೆಸಿಕೊಳ್ಳುವುದು, ಮತ್ತೆ ತಲೆ ಎಣಿಸಿ ಬಸ್ಸು ಹತ್ತುವುದು ಇವೆಲ್ಲವೂ ಈ 175 ನಿಮಿಷಗಳ ಒಳಗೇ ಆಗಬೇಕು. ಇದನ್ನು ‘ಐತಿಹಾಸಿಕ ಪ್ರವಾಸ’ ಎಂದು ಮಾರುತ್ತಿದ್ದಾರೆ. ನಾವು ಹಣ ಕೊಟ್ಟು ಕೊಳ್ಳುತ್ತಿದ್ದೇವೆ.

ಇಲ್ಲಿ ನನ್ನ ತಕರಾರು ಸಮಯದ ಕೊರತೆಯೊಂದೇ ಅಲ್ಲ. ಸಮಯ ಕಡಿಮೆಯಿದ್ದರೂ ಮುಖ್ಯವಾದುದನ್ನು ತೋರಿಸಿದರೆ ಸಾಕಿತ್ತು. ಈ ವೇಳಾಪಟ್ಟಿಯಲ್ಲಿ ಮುಖ್ಯವಾದುದನ್ನೇ ನಿದ್ದೆಗೆ ಬಿಟ್ಟಿದ್ದಾರೆ! ಮಲೆನಾಡಿನ ಈ ಊರುಗಳಿಗೂ ಕರಾವಳಿಯ ಆ ಬಂದರುಗಳಿಗೂ ಏನು ಸಂಬಂಧ? ಒಂದೇ ಬಸ್ಸಿನ ದಾರಿಯಲ್ಲಿ ಸಿಗುತ್ತವೆ ಎಂಬುದೇ? ಅಲ್ಲ. ಸಂಬಂಧವಿರುವುದು ಘಟ್ಟದ ದಾರಿಯಲ್ಲಿ.

ಸ್ವಲ್ಪ ನೆನಪಿಸಿಕೊಳ್ಳಿ, ಹತ್ತನೆಯ ತರಗತಿಯಲ್ಲಿ ನಿಮ್ಮಲ್ಲಿ ಹಲವರಿಗೆ ಈ ಮಾತನ್ನು ಹೇಳಿದ್ದೇನೆ. ಸುಮಾರು 1499ರಲ್ಲಿ ಚೌಡಪ್ಪನಾಯಕನಿಂದ ಆರಂಭವಾದ ಕೆಳದಿ ಸಂಸ್ಥಾನವು 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೆ, ಎಂದರೆ ಇನ್ನೂರ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. ರಾಜಧಾನಿ ಮೊದಲು ಕೆಳದಿ, ಅನಂತರ ಇಕ್ಕೇರಿ, 1640ರ ಸುಮಾರಿನಿಂದ ಬಿದನೂರು. ಆ ಬಿದನೂರೇ ಹೈದರನ ಕಾಲದಲ್ಲಿ ಹೈದರನಗರವಾಗಿ ಇಂದು ಬರಿಯ ‘ನಗರ’ವಾಗಿ ಉಳಿದಿದೆ. ಕಾಡಿನ ನಡುವಿನ ಈ ಅರಸುಮನೆತನಕ್ಕೆ ಅಷ್ಟು ಬಲ ಬಂದದ್ದು ಎಲ್ಲಿಂದ? ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ, ಇವೆರಡನ್ನೂ ಕಡಲಿಗೆ ಮುಟ್ಟಿಸುವ ದಾರಿಗಳು. ಇಕ್ಕೇರಿಯ ವರಾಹ ದೂರದೂರದವರೆಗೆ ಚಲಾವಣೆಯಲ್ಲಿದ್ದುದು ಈ ವ್ಯಾಪಾರದ ಬಲದಿಂದಲೇ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು 1652ರಿಂದ 1654ರ ನಡುವೆ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡದ್ದೂ ಇದಕ್ಕಾಗಿಯೇ. ದಾರಿ ತನ್ನದು, ದಾರಿಯ ತುದಿಯ ಬಾಗಿಲು ಮಾತ್ರ ಪರರದು ಎಂದರೆ ಯಾವ ಅರಸ ಸುಮ್ಮನಿದ್ದಾನು?

ಬಸರೂರಿನ ಅಕ್ಕಿಯನ್ನು ನಂಬಿ ಗೋವೆಯ ಪೋರ್ಚುಗೀಸರು ಬದುಕುತ್ತಿದ್ದರು. ಆ ಬಂದರಿನ ಅಕ್ಕಿಯ ವ್ಯಾಪಾರವನ್ನೇ ವಿಷಯವಾಗಿಟ್ಟುಕೊಂಡು ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಅವರು 1984ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. 1665ರ ಫೆಬ್ರುವರಿಯಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಸೂರೆ ಮಾಡಿದ್ದು ಇದೇ ಬಸರೂರನ್ನು. ಬಾರಕೂರು ಅದಕ್ಕಿಂತ ಹಳೆಯದು: ಆಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಮೊರಾಕ್ಕೊ ದೇಶದ ಇಬ್ನ್ ಬತೂತ 1342ರ ಸುಮಾರಿಗೆ ಈ ಊರನ್ನು ಕಂಡು ಬರೆದಿದ್ದಾನೆ. ಇಂದು ಅಲ್ಲಿ ನಿಂತರೆ ಗದ್ದೆ, ತೆಂಗು, ಶಾಂತವಾದ ಹೊಳೆ. "ಬಂದರು ಎಲ್ಲಿದೆ ಸಾರ್?" ಎಂದು ನಮ್ಮ ಬಸ್ಸಿನವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಕಾಲದ ಹಡಗುಗಳಿಗೆ ಕಡಲಿನ ಅಲೆಯಿಂದ ರಕ್ಷಣೆ ಬೇಕಾಗಿತ್ತು, ಆದ್ದರಿಂದ ಬಂದರುಗಳು ಹೊಳೆಯ ಒಳಭಾಗದಲ್ಲಿದ್ದವು, ಹೊಳೆ ಹೂಳು ತುಂಬಿದಂತೆ, ಹಡಗು ದೊಡ್ಡದಾದಂತೆ, ಬಂದರು ಬೇರೆಡೆಗೆ ಸರಿಯಿತು ಎಂಬ ಮೂರು ವಾಕ್ಯಗಳ ಉತ್ತರ ಅದಕ್ಕೆ ಸಾಕಾಗಿತ್ತು. ಆ ಮೂರು ವಾಕ್ಯಗಳಿಗೂ ವೇಳೆಯಿರಲಿಲ್ಲ. "ಬೀಚ್‌ಗೆ ಲೇಟಾಗುತ್ತದೆ" ಎಂದು ಸೀಟಿ ಊದಿದರು.

ಈ ದಾರಿಯನ್ನು ನೋಡುವುದು ಹೇಗೆಂದು ನಮಗೆ ಕಲಿಸಬಲ್ಲ ಒಬ್ಬ ಪ್ರವಾಸಿಗನಿದ್ದಾನೆ. ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಂದಿಗೆ ಹೊರಟು, ಹೊನ್ನಾವರಕ್ಕೆ ಬಂದು, ಹೊಳೆಯ ಮೇಲೆ ಗೇರುಸೊಪ್ಪೆಗೆ ಸಾಗಿ, ಘಟ್ಟ ಹತ್ತಿ, ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ಸೇರಿದವನು. ಆ ದಾರಿಯಲ್ಲಿ ಒಂದು ದಿನ ಹೊರೆಗಳನ್ನು ಕಟ್ಟುವುದಕ್ಕೆ ತಡವಾಯಿತು. ಅವನು ಗೊಣಗುತ್ತ ಕೂರಲಿಲ್ಲ. ಗುಡಿಯ ಜಗಲಿಯಲ್ಲಿ ಕುಳಿತು ಸುತ್ತ ನೋಡಿದ. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ಸಣ್ಣ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಒಬ್ಬನು ರಾಗವಾಗಿ ಹೇಳಿದ್ದನ್ನು ಉಳಿದವರು ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಜಾಗ ತುಂಬಿದರೆ ಹೊಸ ಮರಳನ್ನು ಹರಡುವುದು, ಮತ್ತೆ ಬರೆಯುವುದು. ಮೇಷ್ಟ್ರು ಅಲ್ಲಿರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಳ್ಳುತ್ತಿದ್ದರು. ಇದನ್ನೆಲ್ಲ ಅವನು ವಿವರವಾಗಿ ಬರೆದಿಟ್ಟ. ಹದಿನೇಳನೆಯ ಶತಮಾನದ ನಮ್ಮ ಹಳ್ಳಿಯ ಮಕ್ಕಳು ಹೇಗೆ ಕಲಿಯುತ್ತಿದ್ದರೆಂಬುದಕ್ಕೆ ದೊರೆತಿರುವ ಅತ್ಯಮೂಲ್ಯ ವಿವರಣೆಗಳಲ್ಲಿ ಇದೊಂದು. ಅದು ದೊರೆತದ್ದು ಯಾವುದರಿಂದ? ತಡವಾದುದರಿಂದ! ವೇಳಾಪಟ್ಟಿಯಲ್ಲಿ ಇಲ್ಲದ ಒಂದು ಗಳಿಗೆಯಲ್ಲಿ ಒಬ್ಬ ಮನುಷ್ಯ ಕಣ್ಣು ತೆರೆದು ಕುಳಿತಿದ್ದುದರಿಂದ. ನಮ್ಮ ಕರಪತ್ರದಲ್ಲಿ ಅಂಥ ಒಂದು ಗಳಿಗೆಯನ್ನಾದರೂ ತೋರಿಸಿ ನೋಡೋಣ.

ಈಗ ಗೈಡ್ ವಿಷಯಕ್ಕೆ ಬರುತ್ತೇನೆ. ನಮ್ಮೊಂದಿಗೆ ಬಂದಿದ್ದ ಯುವಕ ವಿನಯವಂತ, ಮಾತುಗಾರ, ಪದವೀಧರ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಅವನು ಹೇಳಿದ್ದೇನು? ನಗರದ ಕೋಟೆಯಿಂದ ಕಡಲಿನವರೆಗೆ ಗುಪ್ತ ಸುರಂಗವಿದೆ ಎಂದ. ಕೋಟೆಯ ಕೊಳದಲ್ಲಿ ನಿಧಿ ಇದೆ ಎಂದ. ಬಾರಕೂರಿನಲ್ಲಿ ವರ್ಷದ ಪ್ರತಿ ದಿನಕ್ಕೊಂದರಂತೆ 365 ದೇವಾಲಯಗಳಿದ್ದವು ಎಂದ. ಅದು ಜನರ ನಂಬಿಕೆ. ನಂಬಿಕೆಯೆಂದೇ ಹೇಳಿದ್ದರೆ ಚೆನ್ನಾಗಿತ್ತು. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕರು ಕನ್ನಡದಲ್ಲಿ ನಾಟಕ ಬರೆದಿದ್ದರು ಎಂದ. ಬಸ್ಸಿನಲ್ಲಿ ಚಪ್ಪಾಳೆಯೋ ಚಪ್ಪಾಳೆ!

ನಿಜ ಸಂಗತಿ ಇಷ್ಟು: ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ನಡೆಯುವ ಕಥೆ. ಅದರಲ್ಲಿನ ಪರಭಾಷೆಯ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಸೂಚಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಚರ್ಚೆಯನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ವಿಷಯ ಇತ್ಯರ್ಥವಾಗಿಲ್ಲ. ಈ ಇತ್ಯರ್ಥವಾಗದ ಕಥೆಯೇ ಎಷ್ಟು ಸ್ವಾರಸ್ಯವಾಗಿದೆ! ಅದನ್ನು ಬಿಟ್ಟು ಚಪ್ಪಾಳೆಗಾಗಿ ಸುಳ್ಳನ್ನು ಏಕೆ ಹೇಳಬೇಕು?

ಇನ್ನೊಂದು ಪ್ರಸಂಗ. ಕೆಳದಿಯಲ್ಲಿ ಚೆನ್ನಮ್ಮನ ಹೆಸರು ಬಂದಾಗ ಮಹನೀಯರೊಬ್ಬರು "ಬ್ರಿಟಿಷರ ಮೇಲೆ ಯುದ್ಧ ಮಾಡಿದವಳಲ್ಲವೇ?" ಎಂದರು. ಗೈಡ್ ಹೌದೆಂದು ತಲೆಯಾಡಿಸಿದ. ನಾನು ಸುಮ್ಮನಿರಲಾಗಲಿಲ್ಲ. ಬ್ರಿಟಿಷರನ್ನು ಎದುರಿಸಿದವಳು ಕಿತ್ತೂರಿನ ಚೆನ್ನಮ್ಮ, 1824ರಲ್ಲಿ. ಕೆಳದಿಯ ಚೆನ್ನಮ್ಮ ಅದಕ್ಕೂ ನೂರಮೂವತ್ತೈದು ವರ್ಷ ಮೊದಲು, 1689ರಲ್ಲಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದವಳು. ಇಬ್ಬರು ವೀರ ಮಹಿಳೆಯರನ್ನು ಕೂಡಿಸಿ ಒಬ್ಬಳನ್ನಾಗಿ ಮಾಡಿದರೆ ಗೌರವ ಇಮ್ಮಡಿಯಾಗುವುದಿಲ್ಲ; ಇಬ್ಬರಿಗೂ ಅನ್ಯಾಯವಾಗುತ್ತದೆ.

ಆ ಯುವಕನಿಗೆ ಆಮೇಲೆ ನಿಧಾನವಾಗಿ ಕೇಳಿದೆ: "ಏನಪ್ಪಾ, ಇದನ್ನೆಲ್ಲ ಎಲ್ಲಿ ಓದಿದೆ?" ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ಓದೋಕೆ ಟೈಮ್ ಎಲ್ಲಿದೆ ಸಾರ್? ಹೋದ ವಾರ ಕೊಡಗು, ಈ ವಾರ ಇದು, ಮುಂದಿನ ವಾರ ಬಾದಾಮಿ. ಟ್ರಿಪ್ಪಿಗೆ ಇಷ್ಟು ಅಂತ ಕೊಡ್ತಾರೆ. ಕಥೆ ಹೇಳಿದರೆ ಜನ ಖುಷಿ ಪಡ್ತಾರೆ." ತಪ್ಪು ಅವನದಲ್ಲ. ಅಗ್ಗದ ಬೆಲೆಗೆ ಐದು ಊರು ಕೇಳುವ ನಮ್ಮದು, ಕೊಡುತ್ತೇವೆನ್ನುವವರದು.

ಅವನು ತೋರಿಸದೆ ಬಿಟ್ಟದ್ದನ್ನು ಹೇಳುತ್ತೇನೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದ ಮೇಲೆ ಕೆಳದಿಯ ನಾಯಕರ ಆಕೃತಿಗಳನ್ನು ಕೊರೆದಿದ್ದಾರೆ. ದೇವರಿಗೆ ಸಾಷ್ಟಾಂಗ ನಮಸ್ಕಾರ ಮಾಡುವ ಭಂಗಿ. ನಾಡನ್ನಾಳಿದವರು ಭಕ್ತರ ಕಾಲ ಕೆಳಗಿನ ಕಲ್ಲಾಗಲು ಬಯಸಿದ್ದರು. ನಮ್ಮ ಬಸ್ಸಿನ ನಲವತ್ತು ಮಂದಿ ಅವರ ಮೇಲೆ ನಡೆದು ಹೋದೆವು. ಕೆಳಗೆ ನೋಡಿದವರು ನಾಲ್ಕೈದು ಜನ. ಕೆಳದಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಗಂಡಭೇರುಂಡವನ್ನು ಎಲ್ಲರೂ ಮೊಬೈಲಿನಲ್ಲಿ ಹಿಡಿದುಕೊಂಡರು, ಅದು ಸರಿ. ಆದರೆ ಅದೇ ಊರಿನಲ್ಲಿ, ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ ವಸ್ತುಸಂಗ್ರಹಾಲಯದಲ್ಲಿ, ತಾಳೆಗರಿ ಗ್ರಂಥಗಳೂ ಹಳೆಯ ದಾಖಲೆಗಳೂ ಇವೆ. ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ. ಕೆಳದಿಯ ಬಸವಪ್ಪನಾಯಕ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ, ಲಿಂಗಣ್ಣ ಕವಿ ‘ಕೆಳದಿನೃಪವಿಜಯ’ವೆಂಬ ಕನ್ನಡ ಕಾವ್ಯದಲ್ಲಿ ಈ ಮನೆತನದ ಚರಿತ್ರೆಯನ್ನೇ ಬರೆದ ಎಂಬ ಎರಡು ಮಾತುಗಳೂ ಬರಲಿಲ್ಲ.

ಶಿವಪ್ಪನಾಯಕನ ‘ಶಿಸ್ತು’ ನಿಮಗೆ ನೆನಪಿದೆಯಷ್ಟೆ? ಭೂಕಂದಾಯವನ್ನು ನಿಗದಿ ಮಾಡುವ ಮುನ್ನ ಅವನು ಹಳ್ಳಿಗಳಲ್ಲಿ ಬಗೆಬಗೆಯ ಭೂಮಿಯನ್ನು ಆರಿಸಿ, ತನ್ನ ಖರ್ಚಿನಲ್ಲಿ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಇಳುವರಿಯ ಲೆಕ್ಕ ಇಡಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಒಂದು ಗದ್ದೆಯ ಶಕ್ತಿಯನ್ನು ತಿಳಿಯಲು ಅರಸನೊಬ್ಬ ಹನ್ನೆರಡು ವರ್ಷ ಕಾದ. ಅವನ ಇಡೀ ಸಂಸ್ಥಾನವನ್ನು ತಿಳಿಯಲು ನಮಗೆ 175 ನಿಮಿಷ ಸಾಕಂತೆ!

ಇದಕ್ಕಿಂತ ಗಂಭೀರವಾದ ಮಾತು ಮುಂದಿದೆ. ಪ್ರವಾಸದ ಕರಪತ್ರಗಳಲ್ಲಿ ಮಲೆನಾಡಿನ ಇತಿಹಾಸವು 1763ಕ್ಕೆ ಮುಗಿದುಹೋಗುತ್ತದೆ. ಅಲ್ಲಿಂದೀಚೆಗೆ ಬರೀ ಹಸಿರು, ಮಳೆ, ಜಲಾಶಯದ ‘ವ್ಯೂ ಪಾಯಿಂಟ್’. ಸಾಗರ, ಹೊಸನಗರ ತಾಲ್ಲೂಕುಗಳ ಆ ನೀರನ್ನು ನೋಡಿ ಬಸ್ಸಿನಲ್ಲಿ "ಎಷ್ಟು ಚೆಂದ!" ಎಂಬ ಉದ್ಗಾರ ಎದ್ದಿತು. ಚೆಂದವೇ ಸರಿ. ಆ ನೀರಿನ ಅಡಿಯಲ್ಲಿ ಊರುಗಳಿವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳನ್ನು ಎಬ್ಬಿಸಿತು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲೇ ಮುಳುಗಿತು; ನೀರು ತೀರ ಇಳಿದ ಬೇಸಗೆಗಳಲ್ಲಿ ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ. ಅಲ್ಲಿಂದ ಎದ್ದವರ ಮಕ್ಕಳು ಮೊಮ್ಮಕ್ಕಳು ತಾವಿರುವ ನೆಲದ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ಹಿನ್ನೀರಿನಿಂದ ದ್ವೀಪದಂತಾದ ತುಮರಿ ಕಡೆಯ ಜನ ಆರು ದಶಕ ಲಾಂಚಿಗೆ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ಆದದ್ದು 2025ರಲ್ಲಿ. ಆ ಸೇತುವೆಯೂ ಈಗ ಕರಪತ್ರಗಳಲ್ಲಿ ‘ಫೋಟೋ ಸ್ಪಾಟ್’.

ರಾಜಾಜಿನಗರದ ಕೈಗಾರಿಕೆಗಳು ಬೆಳೆದ ದಿನಗಳಲ್ಲಿ ಅವುಗಳ ಯಂತ್ರಗಳನ್ನು ತಿರುಗಿಸಿದ್ದು ಯಾವ ಹೊಳೆಯ ವಿದ್ಯುತ್ತು ಎಂದು ಒಮ್ಮೆ ಯೋಚಿಸಿ. ಆ ಕಾಲದ ಮೈಸೂರು ರಾಜ್ಯದ ಬೆಳಕಿನಲ್ಲಿ ಶರಾವತಿಯ ಪಾಲು ಬಹಳ ದೊಡ್ಡದು. ನಮ್ಮ ಮನೆಯ ದೀಪಕ್ಕಾಗಿ ಊರು ಬಿಟ್ಟವರ ಊರಿಗೆ ನಾವು ‘ಐತಿಹಾಸಿಕ ಗ್ರಾಮ’ ನೋಡಲು ಹೋಗುತ್ತೇವೆ; ಅವರನ್ನೊಂದು ಮಾತು ಕೇಳದೆ, ಪೊಟ್ಟಣದ ಊಟವನ್ನೂ ಸಂಗಡ ಒಯ್ದು, ಖಾಲಿ ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ. ದಾರಿಯ ಪಕ್ಕದ ಮನೆಯ ಹಿರಿಯರೊಬ್ಬರು ಜಗಲಿಯಿಂದಲೇ "ಬನ್ನಿ, ಕೂತ್ಕೊಳ್ಳಿ, ಬಾಯಾರಿಕೆಗೆ ಏನಾದ್ರೂ ತಗೊಳ್ಳಿ" ಎಂದು ಕರೆದರು. ಯಾವ ಗೈಡೂ ಹೇಳಲಾಗದ್ದನ್ನು ಅವರು ಹೇಳಬಲ್ಲವರಾಗಿದ್ದರು. ನಾವು ಕೈಮುಗಿದು ಬಸ್ಸು ಹತ್ತಿದೆವು. ಮಲೆನಾಡಿನ ಮನೆಯೊಂದು ನೀರು ಬೆಲ್ಲ ಕೊಡಲು ಕರೆದಾಗ ಕುಳಿತುಕೊಳ್ಳಲು ಬಿಡದ ಪ್ರವಾಸ ಎಂಥ ಪ್ರವಾಸ?

ಇನ್ನು ಚಾಲಕರ ವಿಷಯ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಂಗೇರಿಯಲ್ಲಿದ್ದಾನೆ, ಪ್ರವಾಸಿ ಬಸ್ಸುಗಳನ್ನು ಓಡಿಸುತ್ತಾನೆ. ಅವನನ್ನು ಕೇಳಿದೆ. "ಸಾರ್, ಶುಕ್ರವಾರ ರಾತ್ರಿ ಓಡಿಸ್ತೀನಿ. ಶನಿವಾರ ನೀವು ದೇವಸ್ಥಾನ ನೋಡೋವಾಗ ಸ್ಟೇರಿಂಗ್ ಮೇಲೆ ತಲೆ ಇಟ್ಕೊಂಡು ಮಲಗ್ತೀನಿ. ಘಾಟಿ ಇಳಿಸ್ತೀನಿ. ರಾತ್ರಿ ಮತ್ತೆ ಓಡಿಸ್ತೀನಿ. ಎರಡನೇ ಡ್ರೈವರ್ ಹಾಕಿದರೆ ಓನರಿಗೆ ಗಿಟ್ಟೋದಿಲ್ಲ" ಎಂದ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಚಾಲಕನ ಕೆಲಸ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯೆಂದು ಹೇಳಿತ್ತು. ಕಾಯಿದೆಗಳು ಬದಲಾಗಬಹುದು, ಮನುಷ್ಯನ ಕಣ್ಣಿಗೆ ಬೇಕಾದ ನಿದ್ದೆ ಬದಲಾಗಿಲ್ಲ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ನಮಗೆ ‘ವಾಹನದಲ್ಲೇ ವಿಶ್ರಾಂತಿ’; ಆ ವಿಶ್ರಾಂತಿಗೆ ಒಬ್ಬನು ಎರಡು ರಾತ್ರಿಯ ನಿದ್ದೆಯನ್ನು ಕೊಟ್ಟಿದ್ದಾನೆ. ಕರಪತ್ರದ ಬೆಲೆ ಏಕೆ ಅಷ್ಟು ಕಡಿಮೆ ಎಂಬುದಕ್ಕೆ ಉತ್ತರ ಇಲ್ಲಿದೆ. ನನ್ನ ಒಬ್ಬ ವಿದ್ಯಾರ್ಥಿಯ ನಿದ್ದೆಯನ್ನು ತೆಗೆದು ಉಳಿದ ವಿದ್ಯಾರ್ಥಿಗಳು ನನಗೆ ಗುರುಕಾಣಿಕೆ ಕೊಡುವುದನ್ನು ನಾನು ಹೇಗೆ ಸ್ವೀಕರಿಸಲಿ?

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. "ಸರ್, ನಮಗೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಏನೂ ನೋಡದಿರುವುದಕ್ಕಿಂತ ಇಷ್ಟಾದರೂ ನೋಡಿದರೆ ತಪ್ಪೇನು?" ಎಂದು ನಮ್ಮ ತಮ್ಮನ ಮಗ ಕೇಳುತ್ತಾನೆ. ಅವನ ಕಷ್ಟ ನಿಜ. ವಾರದಲ್ಲಿ ಐದು ದಿನ ಹೊರವರ್ತುಲ ರಸ್ತೆಯ ವಾಹನದಟ್ಟಣೆಯಲ್ಲಿ ಕಳೆಯುವವನು. ಆದರೆ ಎರಡು ದಿನ ಮಾತ್ರ ಇದ್ದರೆ ಎರಡು ದಿನಕ್ಕೆ ತಕ್ಕಷ್ಟು ನೋಡಬೇಕು. ಹಸಿದವನಿಗೆ ಒಂದು ಬಟ್ಟಲು ಅನ್ನ ಸಾಲದೆಂದು ಐದು ಬಟ್ಟಲುಗಳನ್ನು ಮೂಸಿ ನೋಡಲು ಕೊಟ್ಟರೆ ಹೊಟ್ಟೆ ತುಂಬುವುದೇ? "ವಯಸ್ಸಾದವರಿಗೆ ಇದೇ ಅನುಕೂಲ, ಎಲ್ಲ ವ್ಯವಸ್ಥೆ ಅವರೇ ಮಾಡುತ್ತಾರೆ" ಎನ್ನುವವರೂ ಇದ್ದಾರೆ. ನಾನೂ ಮಂಡಿನೋವಿನವನೇ. ಎರಡು ರಾತ್ರಿ ಕುಳಿತ ಕುರ್ಚಿಯಲ್ಲಿ ನಿದ್ದೆ, ಹಗಲೆಲ್ಲ ಹತ್ತು ಸಲ ಬಸ್ಸು ಹತ್ತಿ ಇಳಿಯುವುದು: ಇದು ಅನುಕೂಲವಾದರೆ ಕಷ್ಟ ಯಾವುದು? ವಯಸ್ಸಾದವರಿಗೆ ಬೇಕಾದದ್ದು ಒಂದೇ ಊರು, ಒಂದು ಕಟ್ಟೆ, ಸಾಕಷ್ಟು ಹೊತ್ತು. "ಪ್ರವಾಸೋದ್ಯಮದಿಂದ ಹಳ್ಳಿಗರಿಗೆ ಉದ್ಯೋಗ" ಎಂಬ ವಾದವೂ ಇದೆ. ನಿಲ್ಲದ ಬಸ್ಸಿನಿಂದ ಯಾರಿಗೆ ಉದ್ಯೋಗ? ಒಂದು ರಾತ್ರಿ ತಂಗುವ ನಾಲ್ಕು ಜನ ಆ ಊರಿನಲ್ಲಿ ಬಿಡುವಷ್ಟು ಹಣವನ್ನು ಅರ್ಧ ಗಂಟೆ ನಿಲ್ಲುವ ನಲವತ್ತು ಜನ ಬಿಡುವುದಿಲ್ಲ.

ಬರಿದೇ ಬೇಡ ಎನ್ನುವುದು ಸುಲಭ. ಹಾಗಾದರೆ ಏನು ಮಾಡಬೇಕು? ರೈಲಿದೆ, ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಸಾಗರದಲ್ಲಿ ಇಳಿಯಬಹುದು, ಮಲಗಿಕೊಂಡೇ ಹೋಗಬಹುದು. ಒಂದು ದಿನ ಕೆಳದಿ, ಇಕ್ಕೇರಿ ಎರಡೇ ಸಾಕು. ಆ ಊರಿನವರನ್ನೇ, ಆ ಊರನ್ನು ಓದಿಕೊಂಡವರನ್ನೇ, ಮಾರ್ಗದರ್ಶನಕ್ಕೆ ಕೇಳಿ. ಕೇಳಿದ ಸಂಭಾವನೆಯನ್ನು ಚೌಕಾಸಿ ಮಾಡದೆ ಕೊಡಿ. ನಿವೃತ್ತ ಮೇಷ್ಟ್ರುಗಳು ಪ್ರತಿ ಊರಿನಲ್ಲೂ ಇರುತ್ತಾರೆ, ಮಾತಾಡುವವರು ಸಿಕ್ಕರೆ ಸಾಕೆಂದು ಕಾಯುತ್ತಿರುತ್ತಾರೆ (ಇದು ಸ್ವಾನುಭವ!). ಇನ್ನೊಂದು ವರ್ಷ ಘಟ್ಟದ ಕೆಳಗಿನದು. ಬಾರಕೂರಿನಲ್ಲಿ ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಕೇರಿಯಿಂದ ಕೇರಿಗೆ ನಡೆದರೆ ಹಳೆಯ ಪಟ್ಟಣದ ವಿನ್ಯಾಸ ತಾನಾಗಿಯೇ ಅರ್ಥವಾಗುತ್ತದೆ. ಹೋಗುವ ಮೊದಲು ಡಾ. ಪಿ. ಗುರುರಾಜ ಭಟ್ಟರು ತುಳುನಾಡಿನ ಇತಿಹಾಸದ ಮೇಲೆ 1975ರಲ್ಲಿ ಪ್ರಕಟಿಸಿದ ಗ್ರಂಥದ ಕೆಲವು ಪುಟಗಳನ್ನಾದರೂ ತಿರುವಿ ಹಾಕಿ.

ಅದಕ್ಕೂ ಸಮಯವಿಲ್ಲವೇ? ಹಾಗಾದರೆ ದೂರ ಹೋಗಲೇಬೇಡಿ. ನಮ್ಮ ಪಶ್ಚಿಮ ಬೆಂಗಳೂರಿನ ಮಕ್ಕಳಲ್ಲಿ ಎಷ್ಟು ಮಂದಿಗೆ ವೃಷಭಾವತಿ ಒಂದು ನದಿಯೆಂದು ಗೊತ್ತು? ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮುಂದೆ ಮೂಗು ಮುಚ್ಚಿಕೊಂಡು ದಾಟುವ ಆ ‘ಮೋರಿ’ಯೇ ಕೆಂಗೇರಿಯ ಬದಿಯಲ್ಲಿ ಹರಿದು, ಅರ್ಕಾವತಿಯನ್ನು ಕೂಡಿ, ಕಾವೇರಿಯನ್ನು ಸೇರುವ ಹೊಳೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಹಲವು ಕಲ್ಲುಗಳು ಬಡಾವಣೆಗಳ ಅಡಿಯಲ್ಲಿ ಕಣ್ಮರೆಯಾಗಿವೆ. ಮಕ್ಕಳ ಕೈಹಿಡಿದು ಒಂದು ಭಾನುವಾರ, ಉಳಿದಿರುವ ಒಂದು ಶಾಸನದ ಮುಂದೆ ಅರ್ಧ ದಿನ ನಿಲ್ಲಿ. 34 ಗಂಟೆಯ ಬಸ್ಸು ಕಲಿಸದಷ್ಟನ್ನು ಅದು ಕಲಿಸುತ್ತದೆ.

ಈಗ ಮೇಷ್ಟ್ರ ಚಾಳಿ: ಮನೆಗೆಲಸ ಕೊಡದೆ ಬಿಡಲಾರೆ. ಮುಂದಿನ ಸಲ ಯಾವುದೇ ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಸಂಘಟಕರಿಗೆ ಮೂರು ಪ್ರಶ್ನೆಗಳನ್ನು ಕೇಳಿ. ಒಂದು, ಚಾಲಕರು ಎಷ್ಟು ಜನ, ಅವರು ಮಲಗುವುದು ಎಲ್ಲಿ? ಎರಡು, ಮಾರ್ಗದರ್ಶಕರು ಯಾವ ಊರಿನವರು, ಅವರಿಗೆ ನೀವು ಕೊಡುವುದೆಷ್ಟು? ಮೂರು, ಒಂದು ಊರಿನಲ್ಲಿ ನಮಗೆ ಕುಳಿತುಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ? ಉತ್ತರ ಸರಿಯಿಲ್ಲದಿದ್ದರೆ ಹಣ ಕಟ್ಟಬೇಡಿ. ನಿಮ್ಮಂಥ ನೂರು ಜನ ಕೇಳಿದರೆ ಕರಪತ್ರಗಳು ತಾವಾಗಿಯೇ ಬದಲಾಗುತ್ತವೆ. ವ್ಯಾಪಾರಿಗಳು ಗಿರಾಕಿಯ ಮಾತನ್ನು ಮೇಷ್ಟ್ರ ಮಾತಿಗಿಂತ ಬೇಗ ಕೇಳುತ್ತಾರೆ.

ನನ್ನನ್ನು ಆಹ್ವಾನಿಸಿದ ಪ್ರಿಯ ವಿದ್ಯಾರ್ಥಿಗಳೇ, ಬೇಸರಿಸಬೇಡಿ. ನಿಮ್ಮೊಂದಿಗೆ ಬರಲು ನನಗೆ ನಿಜವಾಗಿಯೂ ಆಸೆಯಿದೆ. ಒಂದೇ ಊರು, ಎರಡು ದಿನ, ಕೆಂಗೇರಿಯ ನಮ್ಮ ಹುಡುಗನಿಗೆ ಜೊತೆಗೊಬ್ಬ ಚಾಲಕ: ಇಷ್ಟಾದರೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಇಕ್ಕೇರಿಯ ಅಘೋರೇಶ್ವರನ ಮುಂದೆ ಆ ನಾಯಕರ ಹೆಸರುಗಳನ್ನು ಯಾರು ಮೊದಲು ಓದುತ್ತೀರೋ ನೋಡುತ್ತೇನೆ. ತಪ್ಪು ಓದಿದರೆ ಈ ವಯಸ್ಸಿನಲ್ಲೂ ಕಿವಿ ಹಿಂಡಲು ನನಗೆ ಸಂಕೋಚವಿಲ್ಲ.

ಇತಿ ನಿಮ್ಮ ಪ್ರೀತಿಯ,
ಮೇಷ್ಟ್ರು